ಗಾಳಿಗಂಟಿಗೆ ಕೋಣೆಯಿಲ್ಲ

ಗಾಳಿಯನ್ನೂ ನೀರಿನ ಹಾಗೆ ಹಂಚಬೇಕಾಗಿ ಬಂದರೆ ಯಾರು ಹಂಚಬೇಕು? ಇಷ್ಟು ಹೊತ್ತು ನಿನಗೆ, ಇಷ್ಟು ಹೊತ್ತು ಅವನಿಗೆ ಅಂತ ಬಾಗಿಲು ತೆಗೆದು ಬಾಗಿಲು ಹಾಕಿ? ನಿಮಗೆ ಈ ಪ್ರಶ್ನೆ ಎದುರಾಗಿರಲಿಕ್ಕಿಲ್ಲ. ನಿಮ್ಮ ಮೂಗಿನ ಮುಂದೆ ಅದು ಪುಕ್ಕಟೆ ಓಡಾಡುತ್ತಿದೆ. ಹೊನ್ನಬಾವಿಯವರಾದ ನಮಗೆ ಎದುರಾಯಿತು, ನಾವು ಒಂದು ಉತ್ತರವನ್ನೂ ಕಂಡುಕೊಂಡಿದ್ದೆವು. ಆಮೇಲೆ ದೂರದೇಶದವರು ಬಂದು ಇನ್ನೊಂದು ಉತ್ತರ ಕೊಟ್ಟರು. ಅದನ್ನು ಕನ್ನಡಕ್ಕೆ ತಂದವನು ನಾನು. ತಂದ ಕೈಗೆ ಇನ್ನೂ ಲಕ್ವ ಹೊಡೆದಿಲ್ಲ ಅನ್ನುವುದೇ ಆಶ್ಚರ್ಯ.

ಬೇಸಗೆ ಐವತ್ತೆರಡು ಡಿಗ್ರಿಗೆ ಏರಿದ ಮೇಲೆ ಫೆಬ್ರವರಿಯಿಂದ ಜುಲೈವರೆಗೆ ನೆಲದ ಮೇಲೆ ಬದುಕುವುದು ಆಗದ ಮಾತಾಯಿತು. ಕೋಲಾರದ ಕಡೆಯ ನಮ್ಮ ಜನ ಮುಚ್ಚಿಹೋಗಿದ್ದ ಹೊನ್ನಬಾವಿ ಚಿನ್ನದ ಗಣಿಯೊಳಕ್ಕೆ ಇಳಿದರು. ನಮ್ಮಜ್ಜಂದಿರು ಇಳಿದಾಗ ಚಿನ್ನ ಸಿಕ್ಕಿತು, ಸಾಹೇಬರು ತಗೊಂಡು ಹೋದರು. ನಾವು ಇಳಿದಾಗ ತಂಪು ಸಿಕ್ಕಿತು. ಇನ್ನೂರು ಮೀಟರಿನವರೆಗೆ ಕಲ್ಲು ತಣ್ಣಗಿರುತ್ತದೆ. ಅದಕ್ಕಿಂತ ಕೆಳಗಿನ ಹಳೆಯ ಸುರಂಗಗಳಲ್ಲಿ ನೀರು ನಿಂತಿದೆ, ಕೆಟ್ಟ ಗಾಳಿ ಕೂತಿದೆ. ನೆಲ ಹಿಡಿದು ಹರಿಯುವ, ಭಾರದ, ಉಸಿರಿಗಾಗದ ಗಾಳಿ. ಮೇಲಿನ ಎರಡು ದೊಡ್ಡ ಫ್ಯಾನುಗಳು ಒಳ್ಳೆ ಗಾಳಿಯನ್ನು ಒತ್ತಿ ಇಳಿಸುತ್ತಿರುವವರೆಗೆ ಅದು ಅದುಮಿಕೊಂಡು ಬಿದ್ದಿರುತ್ತದೆ.

ಒಂದರ ಕೆಳಗೊಂದು ಮೂರು ಕೇರಿಗಳು: ಮೇಲ್ಕೇರಿ, ನಡುಕೇರಿ, ಕೆಳಕೇರಿ. ಒಂದೊಂದಕ್ಕೂ ಒಂದು ಗಾಳಿಬಾಗಿಲು. ಫ್ಯಾನಿಗೆ ಧೂಳು ಕೂತು ಗಾಳಿ ಕಮ್ಮಿ ಬಿದ್ದ ದಿವಸ ಮೇಲ್ಕೇರಿಯ ಬಾಗಿಲು ಪೂರ್ತಿ ತೆರೆದಿಟ್ಟರೆ ಕೆಳಕೇರಿಗೆ ಏನೂ ಉಳಿಯುವುದಿಲ್ಲ. ಅದಕ್ಕೇ ಗಾಳಿಗಂಟಿ.

ಕೆರೆಯ ನೀರು ಬಿಡುವ ನೀರುಗಂಟಿಯನ್ನು ನೋಡಿ ಬೆಳೆದ ಜನ ನಾವು. ನೀರುಗಂಟಿಗೆ ಸ್ವಂತ ಹೊಲ ಇರಬಾರದು. ಇದ್ದರೆ ಅವನ ಕೈ ತನ್ನ ಹೊಲದ ಕಡೆ ವಾಲುತ್ತದೆ. ಹಾಗೇ ಗಾಳಿಗಂಟಿಗೆ ಯಾವ ಕೇರಿಯಲ್ಲೂ ಕೋಣೆ ಇಲ್ಲ. ಮೆಟ್ಟಿಲ ತಿರುವಿನಲ್ಲಿ ಮಲಗಬೇಕು, ಸರದಿಯ ಮೇಲೆ ಒಂದೊಂದು ಮನೆಯಲ್ಲಿ ಉಣ್ಣಬೇಕು. ನಮ್ಮ ಗಾಳಿಗಂಟಿ ಮುನಿಗಂಗಮ್ಮ. ಊರಿಗೆಲ್ಲ ಗಂಗತ್ತೆ. ಹೆಸರಲ್ಲಿ ಗಂಗೆ, ಕಸುಬಿನಲ್ಲಿ ಗಾಳಿ, ಬಾಯಲ್ಲಿ ಬೆಂಕಿ. ಪಂಚಭೂತಗಳಲ್ಲಿ ಮೂರು ಒಬ್ಬಳ ಹತ್ತಿರವೇ ಇದ್ದವು.

ಗಾಳಿ ಕಮ್ಮಿಯಾದ ದಿನ ಗಂಗತ್ತೆ ಊದಿನಕಡ್ಡಿ ಹಚ್ಚಿಕೊಂಡು ಬಾಗಿಲಿಗೆ ಬರುತ್ತಿದ್ದಳು. ಹೊಗೆ ಯಾವ ಕಡೆ ಬಾಗುತ್ತದೋ ಗಾಳಿ ಆ ಕಡೆ. ಕಡ್ಡಿ ಉರಿದು ಮುಗಿಯುವಷ್ಟು ಹೊತ್ತು ಒಂದು ಕೇರಿಯ ಸರದಿ. ಮುಗಿದ ಮೇಲೆ, "ಬಿಡೋಣ್ವಾ ಕೆಳಕ್ಕೆ?" ಅಂತ ಒಂದು ಸಲ ಕೇಳಿ ಚಕ್ರ ತಿರುಗಿಸಿ ಬಾಗಿಲು ಹಾಕಿ ಮುಂದಿನ ಕೇರಿಗೆ ಇಳಿಯುವಳು. ಆ ಪ್ರಶ್ನೆಗೆ ಯಾರೂ ಉತ್ತರ ಕೊಡುತ್ತಿರಲಿಲ್ಲ. ಕೊಡಬಾರದು. ತಲೆ ತಗ್ಗಿಸಿ ಸುಮ್ಮನಿರಬೇಕು. ಹೊಸದಾಗಿ ಬಂದವನೊಬ್ಬ ದೊಡ್ಡಸ್ತಿಕೆಯಿಂದ "ಹೂಂ ಬಿಡಮ್ಮ" ಅಂದಿದ್ದಕ್ಕೆ ಗಂಗತ್ತೆ ಕೇಳಿದ್ದಳು, "ಬಿಡು ಅನ್ನಕ್ಕೆ ಗಾಳಿ ನಿಮ್ಮಪ್ಪಂದೇನ್ಲಾ?"

ಸುಮ್ಮನಿದ್ದರೆ ಒಪ್ಪಿಗೆ. ನಮ್ಮ ಸಂವಿಧಾನ ಅಷ್ಟೇ ಉದ್ದ.

*

ನಿಯೋಗ ಬಂದಿದ್ದು ನಾಲ್ಕನೇ ಬೇಸಗೆಯಲ್ಲಿ. ನೆಲದಡಿಯ ಊರುಗಳನ್ನೆಲ್ಲ ಹೊಸ ಸ್ವಾಯತ್ತ ರಾಜ್ಯಗಳನ್ನಾಗಿ ಕಟ್ಟಿಕೊಡುವ ದೊಡ್ಡ ಯೋಜನೆ ಅವರದು. ಮುಖ್ಯಸ್ಥೆ ಡಾಕ್ಟರ್ ಲೋವಿಸಾ. ಉದ್ದನೆಯ ಹೆಂಗಸು, ನಿಜವಾಗಿಯೂ ಒಳ್ಳೆಯವರು. ಕೆಟ್ಟವರಾಗಿದ್ದರೆ ಮೊದಲ ವಾರವೇ ಓಡಿಸುತ್ತಿದ್ದೆವು. ಪುಸ್ತಕದ ಕನ್ನಡ ಕಲಿತು ಬಂದಿದ್ದರು. ನಮ್ಮ ಕನ್ನಡ ಅವರಿಗೆ ಹತ್ತುತ್ತಿರಲಿಲ್ಲ. ಹಾಗಾಗಿ ಕಾಲೇಜು ಮೆಟ್ಟಿಲು ಹತ್ತಿಳಿದ ಆಂಜಿನಪ್ಪ, ಅಂದರೆ ನಾನು, ದುಭಾಷಿಯಾದೆ. ಕಾಲೇಜಿನಲ್ಲಿ ನಾನು ಕಲಿತದ್ದು ಎರಡೇ: ಪ್ರಿನ್ಸಿಪಾಲರ ಕೆಮ್ಮು, ಕ್ಯಾಂಟೀನ್ ಭಟ್ಟರ ಬೈಗುಳ. ಎರಡನ್ನೂ ತದ್ರೂಪು ಮಾಡುತ್ತಿದ್ದೆ. ವಾಯುಪುತ್ರನ ಹೆಸರಿಟ್ಟುಕೊಂಡವನು ಕಪಿಚೇಷ್ಟೆ ಬಿಟ್ಟು ಇನ್ನೇನು ಮಾಡುತ್ತಾನೆ?

ಮೊದಲ ಸಭೆಯಲ್ಲಿ ಲೋವಿಸಾ ಎದ್ದು ನಿಂತು ಅಂದರು, "ಮಾನ್ಯರೇ, ನಾವು ಅಧಿಕಾರವನ್ನು ಕೇಂದ್ರದಿಂದ ಕೆಳಗೆ ಇಳಿಸುತ್ತೇವೆ. ಪ್ರತಿಯೊಂದು ಕೇರಿಯೂ ತನ್ನ ಗಾಳಿಯನ್ನು ತಾನೇ ಆಳುತ್ತದೆ. ಇದೇ ವಿಕೇಂದ್ರೀಕರಣ."

ಗಂಗತ್ತೆ ನನ್ನ ಪಕ್ಕೆ ತಿವಿದಳು. "ಅಧಿಕಾರ ಇಳಿಸ್ತಾರಂತೇನೋ ಅಳಿಯ? ಅಧಿಕಾರ ಹಂಗಿರ್ಲಿ, ಗಾಳಿ ಇಳಿಸ್ತಾರಾ ಕೇಳು."

ಕೇಳಿದೆ. ಪ್ರತಿ ಕೇರಿಗೂ ಅದರ ಪಾಲು ಖಾತ್ರಿ ಅಂದರು ಲೋವಿಸಾ.

"ಪಾಲು ಅಂದ್ರೆ? ಎರಡು ಫ್ಯಾನು ತಿರುಗಿದಾಗ ಪಾಲು. ಒಂದು ನಿಂತ್ರೆ?"

"ಪ್ರತಿ ಕೇರಿಯೂ ಸ್ವತಂತ್ರವಾಗಿ ನಿರ್ಧರಿಸುತ್ತದೆ, ಅಮ್ಮ. ಕೇಂದ್ರ ಇರುವುದಿಲ್ಲ."

"ನಡು ಇಲ್ದೆ ಮನುಷ್ಯ ನಿಂತ್ಕೊಂತಾನೇನಮ್ಮ?" ಗಂಗತ್ತೆ ತನ್ನ ಸೊಂಟ ತಟ್ಟಿಕೊಂಡಳು. "ನಡು ಬೇಕು. ಆದ್ರೆ ಅದು ಒಂದೇ ಕಡೆ ಕುಂತು ಕೊಬ್ಬಬಾರದು. ಹತ್ತಿ ಇಳಿದು ಓಡಾಡ್ತಿರಬೇಕು, ಅಷ್ಟೇಯ. ನಾಲ್ಕು ವರ್ಸದಿಂದ ನನ್ ಮಂಡಿ ಮಾಡ್ತಿರೋದು ಅದೇ ಕೆಲ್ಸ."

ಸಭೆ ನಕ್ಕಿತು. ನಾನು ಅನುವಾದಿಸಿದೆ. ಲೋವಿಸಾ ಬರೆದುಕೊಂಡರು. ಆಮೇಲೆ ಅವರ ವರದಿ ನೋಡಿದೆ: "ಸ್ಥಳೀಯರಲ್ಲಿ ವ್ಯಕ್ತಿಯ ಮೇಲಿನ ಅವಲಂಬನೆ ಹೆಚ್ಚು. ಒಬ್ಬ ಅನಧಿಕೃತ ಮಧ್ಯವರ್ತಿ ಇದ್ದಾರೆ." ನಾಲ್ಕು ವರ್ಷ ಒಂದು ಪ್ರಾಣವೂ ಹೋಗದಂತೆ ನೋಡಿಕೊಂಡ ಹೆಂಗಸು ಕಾಗದದ ಮೇಲೆ ದಲ್ಲಾಳಿಯಾಗಿದ್ದಳು. ನನಗೆ ಆಗಲೇ ಮೈ ಉರಿಯಬೇಕಿತ್ತು. ಉರಿಯಲಿಲ್ಲ. ನಗು ಬಂತು. ಆ ನಗುವಿಗೆ ಈಗ ಮೆಟ್ಟಿನಲ್ಲಿ ಹೊಡೆಯಬೇಕು.

ಮೂರು ಗಾಳಿಬಾಗಿಲುಗಳಿಗೂ ಸ್ವಾಯತ್ತ ಪೆಟ್ಟಿಗೆಗಳು ಬಂದವು. ಉಕ್ಕಿನ ಬಾಗಿಲು, ವಿದ್ಯುತ್ ಬೀಗ, ಪಕ್ಕದಲ್ಲಿ ಮಾತಾಡುವ ಪೆಟ್ಟಿಗೆ. ಕೋಣೆ ಇರುವ ಪ್ರತಿಯೊಬ್ಬರ ಮುಂಗೈಗೂ ಒಂದು ಪಟ್ಟಿ. ಪಟ್ಟಿ ಇದ್ದವರು ಆ ಕೇರಿಯ ವಾಸಿ, ಪ್ರಜೆ, ಮತದಾರ. ಪಟ್ಟಿ ಕತ್ತರಿಸಿದರೆ ಎಲ್ಲವೂ ಹೋಯಿತು, ಕೋಣೆ ಸಹಿತ. ಪೆಟ್ಟಿಗೆ ನಾಡಿ ನೋಡುವುದಿಲ್ಲ, ಮುಖ ನೋಡುವುದಿಲ್ಲ. ಅದು ಖಾಸಗಿತನದ ಉಲ್ಲಂಘನೆಯಂತೆ. ಪಟ್ಟಿಗಳನ್ನು ಮಾತ್ರ ಎಣಿಸುತ್ತದೆ. ಗಂಗತ್ತೆಗೆ ಕೋಣೆ ಇರಲಿಲ್ಲ, ಪಟ್ಟಿ ಸಿಗಲಿಲ್ಲ. ಹೊಸ ರಾಜ್ಯದಲ್ಲಿ ಅವಳು ಯಾರೂ ಅಲ್ಲ.

ಪೆಟ್ಟಿಗೆಗೆ ಕನ್ನಡದ ದನಿ ಬೇಕಾಗಿತ್ತು. "ಜನರಿಗೆ ನಂಬಿಕೆ ಹುಟ್ಟಿಸುವ ಧ್ವನಿ ಇರಲಿ, ಆಂಜಿನಪ್ಪ" ಅಂದರು ಲೋವಿಸಾ. ನಂಬಿಕೆ ಅಂದರೆ ಇಲ್ಲಿ ಒಂದೇ ಗಂಟಲು. ಮೈಕಿನ ಮುಂದೆ ಕೂತು ಇಡೀ ಪೆಟ್ಟಿಗೆಯನ್ನು ಗಂಗತ್ತೆಯ ದನಿಯಲ್ಲಿ ಮಾತಾಡಿಸಿದೆ. ಆ ಗೊಗ್ಗರು, ಆ ಎಳೆತ, ವಾಕ್ಯದ ಕೊನೆಗೆ ಉಸಿರು ಬಿಡುವ ಆ ರೀತಿ, ಎಲ್ಲ. ತಂತ್ರಜ್ಞರು ಚಪ್ಪಾಳೆ ತಟ್ಟಿದರು. ನನ್ನ ಬದುಕಿನ ಅತ್ಯುತ್ತಮ ಮಿಮಿಕ್ರಿ ಅದು.

*

ಅಲಮೇಲುಗೆ ಅದು ಸರಿಬರಲಿಲ್ಲ. ಅಲಮೇಲು ನನ್ನ ಹೆಂಡತಿ. ಕೆಳಕೇರಿಯಲ್ಲಿ ನಮ್ಮದು ಕೊನೆಯ ಕೋಣೆ, ಹಳೆಯ ಸುರಂಗಕ್ಕೆ ಕಟ್ಟಿದ ಗೋಡೆಯ ಪಕ್ಕ.

"ರೀ, ಆ ದನಿ ತೆಗೀರಿ" ಅಂದಳು ಮುದ್ದೆ ತಿರುವುತ್ತಾ. "ಬೆಳಿಗ್ಗೆ ಆ ಪೆಟ್ಟಿಗೆ 'ಗಾಳಿ ಸಾಕಾ?' ಅಂತು. ನಾನು 'ಬಾ ಅತ್ತೆ, ಇವತ್ತು ನಮ್ಮನೆ ಸರದಿ, ಬಸ್ಸಾರು ಮಾಡಿದೀನಿ' ಅಂದುಬಿಟ್ಟೆ. ತಿರುಗಿ ನೋಡಿದ್ರೆ ತಗಡು."

"ತಗಡು ಏನಂತು?"

"'ನಿಮ್ಮ ಅಭಿಪ್ರಾಯ ದಾಖಲಾಗಿದೆ' ಅಂತು."

ನಾನು ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ. "ನೀವು ಯಾರ್ ತರ ಬೇಕಾದ್ರೂ ಮಾತಾಡ್ತೀರ. ಯಾವತ್ತಾದ್ರೂ ನಿಮ್ ತರ ಮಾತಾಡಿದ್ದೀರಾ? ಅದು ಅವಳ ಗಂಟಲು. ಊರು ನಂಬ್ಕೊಂಡಿರೋದು. ಅದನ್ನ ಬೀಗಕ್ಕೆ ಹಾಕಿ ಬಂದಿದ್ದೀರಲ್ಲ, ಏನ್ ಮನುಷ್ಯರು?"

"ಬಿಡೇ. ದನಿ ಅವಳದೇ ಆದ್ರೆ ಜನ ಹೆದರಲ್ಲ."

"ಹೆದರಬೇಕು ಅನ್ನೋ ಕಡೆ ಹೆದರದಿದ್ರೆ ಏನಾಗತ್ತೆ?"

ನಾನು ಮುದ್ದೆ ನುಂಗಿದೆ.

ಅದಾದ ವಾರವೇ ಪೆಟ್ಟಿಗೆಗಳು ಮೊದಲ ಮತ ಕೇಳಿದವು. ಪ್ರಶ್ನೆಯನ್ನು ಅನುವಾದಿಸಿದವನೂ ನಾನೇ, ನುಡಿದವನೂ ನಾನೇ: "ಗಾಳಿ ಕಮ್ಮಿ ಬಿದ್ದ ದಿವಸ ನಿಮ್ ಪಾಲು ಕೆಳಕ್ಕೆ ಬಿಡೋಣ್ವಾ? ಬಿಡೋಣ ಅನ್ನೋರು ಪಟ್ಟಿ ತೋರ್ಸಿ." ಮೇಲ್ಕೇರಿಯಲ್ಲಿ ನಾನೂರ ಹನ್ನೆರಡು ಜನ. ಗಂಗತ್ತೆಯ ದನಿ, ಗಂಗತ್ತೆಯ ಪ್ರಶ್ನೆ. ನಾನೂರ ಹನ್ನೆರಡು ಜನವೂ ಮರ್ಯಾದೆಯಿಂದ ತಲೆ ತಗ್ಗಿಸಿ ಸುಮ್ಮನೆ ನಿಂತರು. ಒಂದು ಕೈಯೂ ಮೇಲೇಳಲಿಲ್ಲ.

ಕಂಟ್ರೋಲ್ ರೂಮಿನ ಪರದೆಯಲ್ಲಿ ಫಲಿತಾಂಶ ಮೂಡಿತು. ಬಿಡೋಣ ಅಂದವರು: ಸೊನ್ನೆ. ಲೋವಿಸಾ ಸ್ವಲ್ಪ ಬೇಜಾರಾದರು. "ಇವರು ಇಷ್ಟು ಸ್ವಾರ್ಥಿಗಳು ಎಂದು ಭಾವಿಸಿರಲಿಲ್ಲ. ಆದರೆ ಇದು ಅವರ ನಿರ್ಧಾರ. ಗೌರವಿಸಬೇಕು."

"ಇಲ್ಲ ಮೇಡಂ, ಸುಮ್ಮನಿದ್ದರೆ ಬಿಡಿ ಅಂತಲೇ ಅರ್ಥ."

"ಹಾಗಾದರೆ ಅವರು ಪಟ್ಟಿ ತೋರಿಸಬಹುದಿತ್ತು."

"ತೋರಿಸಿದ್ರೆ ಅವಮಾನ ಮೇಡಂ."

"ಯಾರಿಗೆ?"

"ಗಾಳಿಗೆ" ಅಂದೆ. ಬೇರೆ ಹೇಗೆ ಹೇಳಬೇಕೋ ಗೊತ್ತಾಗಲಿಲ್ಲ. ನಾನು ಜೋಕು ಹೊಡೆದೆ ಅಂದುಕೊಂಡರು ಅವರು. ಜೋಕು ಹೊಡೆಯುವವನ ಹಣೆಬರಹ ಇದು. ನಿಜ ಹೇಳಿದ ದಿನವೂ ಎದುರಿನವರು ಮುಗುಳ್ನಗುತ್ತಾರೆ. ಮರುಮತದಾನ ಮೂವತ್ತು ದಿನ ಆದಮೇಲೆ ಅಂದರು. ಗಾಬರಿಯ ಹೊತ್ತಿನಲ್ಲಿ ಯಾರೂ ಬೆದರಿಸಿ ಮತ ಬದಲಾಯಿಸಬಾರದೆಂದು ಆ ನಿಯಮ. ನಾನು ಹೂಂಗುಟ್ಟಿದೆ. ಮೂವತ್ತು ದಿನ ತಾನೇ?

*

ಹನ್ನೆರಡನೇ ದಿನ, ಮೇ ತಿಂಗಳ ನಡುಮಧ್ಯಾಹ್ನ, ಎಡಗಡೆಯ ಫ್ಯಾನಿನ ಬೇರಿಂಗ್ ಹಿಡಿದುಕೊಂಡು ಫ್ಯಾನು ನಿಂತಿತು. ಕಂಟ್ರೋಲ್ ರೂಮಿನಲ್ಲಿ ಇದ್ದದ್ದು ನಾವಿಬ್ಬರೇ, ನಾನು ಮತ್ತು ಲೋವಿಸಾ. ರಿಪೇರಿಯವರು ಬಿಸಿಲಿಳಿಯದೆ ಮೇಲೆ ಕಾಲಿಡುವಂತಿಲ್ಲ, ಅಂದರೆ ಇನ್ನೂ ಐದು ಗಂಟೆ ಕಾಯಬೇಕು.

ಪೆಟ್ಟಿಗೆಗಳು ತಮಗೆ ಕಲಿಸಿದ್ದನ್ನು ಮಾಡಿದವು. ಮೇಲ್ಕೇರಿ ತನ್ನ ಪೂರ್ತಿ ಪಾಲು ಎಳೆದುಕೊಂಡಿತು. ನಡುಕೇರಿಗೆ ಅರ್ಧ ಸಿಕ್ಕಿತು. ಕೆಳಕೇರಿಯ ಸೂಚಿ ಸೊನ್ನೆಗೆ ಇಳಿಯಿತು. ಅದುಮಿ ಹಿಡಿಯುವ ಗಾಳಿ ನಿಂತದ್ದೇ ಹಳೆಯ ಸುರಂಗದ ಕೆಟ್ಟ ಗಾಳಿ ಗೋಡೆಯ ಬಿರುಕುಗಳಿಂದ ಒಳಗೆ ಹರಿಯತೊಡಗಿತು. ಅದು ಮೇಲೇರಬಾರದೆಂದು ಕೆಳಕೇರಿಯಿಂದ ಹತ್ತುವ ಮೆಟ್ಟಿಲ ಬಾಗಿಲೂ ತಾನೇ ಬೀಗ ಹಾಕಿಕೊಂಡಿತು. ಒಳಗೆ ಇನ್ನೂರ ತೊಂಬತ್ತು ಜನ.

"ಇಲ್ಲಿಂದಲೇ ತೆಗೀರಿ ಮೇಡಂ! ಮೇಲ್ಕೇರಿ ಬಾಗಿಲು ಹಾಕಿ, ಕೆಳಗಡೇದು ತೆಗೀರಿ!"

ಲೋವಿಸಾರ ಮುಖ ಬಿಳಿಚಿಕೊಂಡಿತ್ತು. "ಇಲ್ಲಿಂದ ಆಗುವುದಿಲ್ಲ, ಆಂಜಿನಪ್ಪ. ಕೇಂದ್ರದಿಂದ ಬಾಗಿಲು ತೆರೆಯುವ ಗುಂಡಿಯನ್ನು ನಾವು ಬೇಕೆಂದೇ ಇಟ್ಟಿಲ್ಲ. ಮುಂದೆ ಯಾವ ಸರ್ಕಾರವೂ ಜನರ ಗಾಳಿ ಕಸಿಯಬಾರದು ಎಂದು."

ಎಂಥ ಒಳ್ಳೆಯ ಕಾರಣ! ಕೊರಳಿಗೆ ಹಾಕಿದರೆ ಹಾರವಾಗುವಷ್ಟು ಒಳ್ಳೆಯದು, ಬಿಗಿದರೆ ಉರುಳಾಗುವಷ್ಟು ಗಟ್ಟಿ.

ಇಂಟರ್‌ಕಾಮ್ ಒದರಿತು. ಅಲಮೇಲು. "ರೀ, ನೆಲದಲ್ಲಿಟ್ಟ ದೀಪ ಆರಿಹೋಯ್ತು. ಹಚ್ಚಿದ್ರೆ ಮತ್ತೆ ಆರ್ತೈತೆ."

"ಮಂಚದ ಮೇಲೆ ಹತ್ತು! ರಾಗಿ ಡಬ್ಬದ ಮೇಲೆ ಹತ್ತು, ಎಲ್ಲರಿಗೂ ಹೇಳು, ಯಾರೂ ಮಲಗಬಾರದು!"

"ಎದುರುಮನೆ ಕೋನಪ್ಪಜ್ಜ ಎದ್ದಿಲ್ಲ ರೀ. ಚಾಪೆ ಮೇಲೆ ಮಲಗಿತ್ತು. ಎತ್ತಕ್ಕೆ ಬಗ್ಗಿದವರು ಬಗ್ಗಿದಲ್ಲೇ ಬೀಳ್ತಾವ್ರೆ." ಅವಳ ಉಸಿರು ಕೇಳಿಸುತ್ತಿತ್ತು. "ಪೆಟ್ಟಿಗೆ ಏನೇನೋ ಹೇಳ್ತೈತೆ. ಗಂಗತ್ತೆ ದನೀಲಿ 'ಶಾಂತವಾಗಿರಿ, ನಿಮ್ಮ ಕೇರಿಯ ನಿರ್ಧಾರವನ್ನು ನೀವೇ ತೆಗೆದುಕೊಳ್ಳಬಹುದು' ಅಂತೈತೆ. ಅದರ ಬಾಯಿ ಮುಚ್ಚಿಸ್ರೀ. ಸಾಯೋವಾಗ ಆದ್ರೂ."

ನಾನು ಓಡಿದೆ. ಮೇಲ್ಕೇರಿ ಒಂದೇ ಮಜಲು ಕೆಳಗೆ.

ಗಾಳಿಬಾಗಿಲ ಮುಂದೆ ಗಂಗತ್ತೆ ಆಗಲೇ ನಿಂತಿದ್ದಳು, ಕೈಯಲ್ಲಿ ಉರಿಯುವ ಊದಿನಕಡ್ಡಿ. ಚಕ್ರಕ್ಕೆ ಕೈ ಹಾಕಿದಳು. ಅದು ಅಲ್ಲಾಡಲಿಲ್ಲ. ಪೆಟ್ಟಿಗೆ ಮಾತಾಡಿತು, ಅವಳದೇ ಗಂಟಲಲ್ಲಿ: "ನೀವು ಈ ಕೇರಿಯೋರಲ್ಲ. ದೂರ ಸರೀರಿ."

ಗಂಗತ್ತೆ ಎರಡು ಹೆಜ್ಜೆ ಹಿಂದೆ ಸರಿದಳು. ನಾಲ್ಕು ವರ್ಷದಲ್ಲಿ ಅವಳು ಯಾರ ಮಾತಿಗೂ ಹಿಂದೆ ಸರಿದದ್ದನ್ನು ನಾನು ನೋಡಿರಲಿಲ್ಲ. "ಯಾರೇ ನೀನು?" ಅಂದಳು ತಗಡಿಗೆ.

"ದೂರ ಸರೀರಿ" ಅಂತು ತಗಡು.

ಅವಳು ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. "ಮತದ ದಿನ ಊರೋರು ಸುಮ್ಕೆ ನಿಂತಿದ್ದು ನಾನೇ ಕೇಳ್ತಿದ್ದೀನಿ ಅಂತ ಅಲ್ವೇನ್ಲಾ?" ಅಂದಳು. ಅಷ್ಟೇ. ಬೈದಿದ್ದರೆ ನಾನು ಇಷ್ಟು ವರ್ಷ ಇದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲ.

ಮೇಲ್ಕೇರಿಯವರು ಸುತ್ತ ನೆರೆದಿದ್ದರು. ಎಲ್ಲರೂ ಪಟ್ಟಿ ತೋರಿಸುತ್ತಿದ್ದರು, ಕೂಗುತ್ತಿದ್ದರು: ಬಿಡು, ಬಿಡು, ಕೆಳಕ್ಕೆ ಬಿಡು! ಮರ್ಯಾದೆ ಬಿಟ್ಟು ಬೇಡುತ್ತಿದ್ದರು. ಪೆಟ್ಟಿಗೆ ಅಷ್ಟೇ ಮರ್ಯಾದೆಯಿಂದ, ಮರುಮತಕ್ಕೆ ಹದಿನೆಂಟು ದಿವಸ ಬಾಕಿ ಐತೆ ಅನ್ನುತ್ತಿತ್ತು. ನಾನು ಲೋವಿಸಾರ ದನಿಯಲ್ಲಿ ಆಜ್ಞೆ ಮಾಡಿದೆ, ತಂತ್ರಜ್ಞನ ದನಿಯಲ್ಲಿ ಬೇಡಿದೆ, ಗಂಗತ್ತೆಯ ದನಿಯಲ್ಲಿ ಗದರಿಸಿದೆ. ಕಿವಿಯೇ ಇಲ್ಲದ ಪ್ರೇಕ್ಷಕ. ಸಬ್ಬಲಿನಿಂದ ಹೊಡೆದರು, ಉಕ್ಕು ನಮ್ಮನ್ನೇ ವಾಪಸ್ ಹೊಡೆಯಿತು.

"ಬೀಳು ಬಿದ್ದ ಹೊಲಕ್ಕೆ ನೀರು ಬಿಡಲ್ಲ" ಅಂದಳು ಗಂಗತ್ತೆ, ಇದ್ದಕ್ಕಿದ್ದಂತೆ. "ಯಾರೂ ಇಲ್ದಿರೋ ಕೇರಿಗೆ ಈ ಮುಂಡೇದು ಏನ್ ಮಾಡ್ತೈತೋ, ಆಂಜಿ? ಓದಿದ್ದೀಯಲ್ಲ ಅದರ ಪುರಾಣಾನ?"

ಓದಿದ್ದೆ. ಹತ್ತೊಂಬತ್ತನೇ ಕಲಮು. ವಾಸಿಗಳಿಲ್ಲದ ಕೇರಿಗೆ ಪಾಲಿಲ್ಲ. ರಿಪೇರಿಯವರ ಅನುಕೂಲಕ್ಕಾಗಿ ಬೀಗ ಬಿಟ್ಟುಕೊಳ್ಳುತ್ತದೆ, ಬಾಗಿಲು ಕೈಚಕ್ರಕ್ಕೆ ಸಿಗುತ್ತದೆ.

"ಪಟ್ಟಿ ಕತ್ತರಿಸಬೇಕು" ಅಂದೆ. "ಎಲ್ಲರೂ. ಒಬ್ಬರದು ಉಳಿದರೂ ಆಗಲ್ಲ. ಕತ್ತರಿಸಿದವರಿಗೆ ಕೋಣೆ ಹೋಗತ್ತೆ. ನಾಳೆ ನಿಯೋಗದವರು ಮೇಲಕ್ಕೆ ಹೋಗಿ ಅಂದ್ರೆ ಹೋಗಬೇಕು."

ಮೇಲೆ ಐವತ್ತೆರಡು ಡಿಗ್ರಿ ಇತ್ತು.

ಗಂಗತ್ತೆ ಏನೂ ಕೇಳಲಿಲ್ಲ. ಕೇಳುವ ಪದ್ಧತಿ ಇಲ್ಲ. ಯಾರದೋ ಅಡುಗೆಮನೆಯಿಂದ ಈಳಿಗೆಮಣೆ ತಂದು ಬಾಗಿಲ ಮುಂದಿಟ್ಟು ಪಕ್ಕಕ್ಕೆ ನಿಂತಳು. ಮೊದಲು ಬಂದವಳು ಒಬ್ಬ ಬಾಣಂತಿ. ತನ್ನದನ್ನು ಕತ್ತರಿಸಿದಳು, ಕೂಸಿನ ಕೈಯ ಎಳೆಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಹರಿದಳು. ಆಮೇಲೆ ಬ್ಲೇಡು, ಕುಡುಗೋಲು, ಕ್ಷೌರದ ಕತ್ತಿ. ಪೆಟ್ಟಿಗೆಯ ಮೇಲಿನ ಅಂಕಿ ಇಳಿಯತೊಡಗಿತು. ಮುನ್ನೂರ ತೊಂಬತ್ತು. ಇನ್ನೂರ ಎಂಟು. ಅರವತ್ತು.

ಎರಡಕ್ಕೆ ಬಂದು ನಿಂತಿತು.

ಒಂದು ಮೇಲ್ಕೇರಿಯ ಅಧ್ಯಕ್ಷ ಪಿಳ್ಳಪ್ಪನದು. ಕೋಣೆ ಸಿಗಲೆಂದು ಎರಡು ಬೇಸಗೆ ತಗಡಿನ ಶೆಡ್ಡಿನಲ್ಲಿ ಕಾದವನು. ಕಾಯುತ್ತಲೇ ಹೆಂಡತಿಯನ್ನು ಬಿಸಿಲಿಗೆ ಕಳೆದುಕೊಂಡವನು. ಮುಂಗೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಗೋಡೆಗೆ ಅಂಟಿಕೊಂಡಿದ್ದ.

"ಇದಕ್ಕೆ ನಾನೇನು ಕೊಟ್ಟಿದ್ದೀನಿ ಗೊತ್ತಾ ನಿಮಗೆ?" ಅಂತ ಕಿರುಚಿದ. "ಇನ್ನೊಂದು ವಾರ ಮುಂಚೆ ಸಿಕ್ಕಿದ್ರೆ ಅವಳು ಬದುಕ್ತಿದ್ಲು!"

ನನಗೆ ಅವನ ಕತ್ತು ಹಿಸುಕುವಷ್ಟು ಸಿಟ್ಟು. "ನನ್ನವಳು ಕೆಳಗಿದ್ದಾಳೆ ಪಿಳ್ಳಣ್ಣ, ರಾಗಿ ಡಬ್ಬದ ಮೇಲೆ ನಿಂತವಳೆ" ಅಂದೆ. ನನ್ನದೇ ದನಿಯಲ್ಲಿ ಅಂದೆ ಅನಿಸುತ್ತದೆ, ಒಡೆದುಹೋಗಿತ್ತು.

ಅವನು ನನ್ನನ್ನು ನೋಡಿದ. ಬಂದು ಈಳಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಎಳೆದ ಜೋರಿಗೆ ಪಟ್ಟಿಯ ಜೊತೆ ಚರ್ಮವೂ ಕುಯ್ದುಹೋಯಿತು. "ತಗೊಳ್ಳಿ" ಅಂದ, ಯಾರನ್ನೂ ನೋಡದೆ.

ಅಂಕಿ ಒಂದು.

ಕೋಣೆ ಕೋಣೆ ಹುಡುಕಿದರು. ಮುದುಕರ ಹೊದಿಕೆ ಎಳೆದು ನೋಡಿದರು. ಯಾರ ಕೈಯಲ್ಲೂ ಪಟ್ಟಿ ಇಲ್ಲ. ಆಗ ನೆನಪಾಯಿತು. ಉದ್ಘಾಟನೆಯ ದಿನ ಮೇಲ್ಕೇರಿಯ ಹೆಂಗಸರು ಆರತಿ ಎತ್ತಿ, ಪಟ್ಟಿ ಕಟ್ಟಿ ಒಬ್ಬರನ್ನು ಗೌರವ ವಾಸಿ ಮಾಡಿಕೊಂಡಿದ್ದರು. ಕಂಟ್ರೋಲ್ ರೂಮಿಗೆ ಎದ್ದುಬಿದ್ದು ಹತ್ತಿ ಓಡಿದೆ, ಕೈಯಲ್ಲಿ ಕ್ಷೌರದ ಕತ್ತಿ.

"ಮೇಡಂ, ನಿಮ್ಮ ಪಟ್ಟಿ!"

ಲೋವಿಸಾ ಪರದೆ ನೋಡುತ್ತಿದ್ದರು, ಕಣ್ಣಲ್ಲಿ ನೀರು. ಎಲ್ಲ ಅರ್ಥವಾಗಿತ್ತು ಅವರಿಗೆ. "ನಾನು ಕೇಂದ್ರ ಕಚೇರಿಗೆ ಸಂದೇಶ ಕಳುಹಿಸಿದ್ದೇನೆ. ಸ್ಥಳೀಯ ನಿರ್ಧಾರದಲ್ಲಿ ನಿಯೋಗದವರು ಹಸ್ತಕ್ಷೇಪ ಮಾಡಬಾರದು ಎಂಬ ನಿಯಮ ಇದೆ. ಅನುಮತಿ ಬಂದ ತಕ್ಷಣ..."

"ಎಷ್ಟು ಹೊತ್ತಾಯ್ತು ಕಳಿಸಿ?"

"ಒಂಬತ್ತು ನಿಮಿಷ."

"ಕೇಂದ್ರ ಇಲ್ಲ ಅಂದಿದ್ರಿ?"

ಇಂಟರ್‌ಕಾಮಿನಲ್ಲಿ ಅಲಮೇಲುವಿನ ದನಿ ಇರಲಿಲ್ಲ. ಬರೀ ಏನೋ ಉಜ್ಜಿದಂಥ ಸದ್ದು. ನಾನು ಆ ಬಿಳಿ ಮುಂಗೈಯನ್ನು ಮೇಜಿಗೆ ಒತ್ತಿ ಹಿಡಿದೆ. ಅವರು ಎಳೆದುಕೊಳ್ಳಲೂ ಇಲ್ಲ, ಕೊಡಲೂ ಇಲ್ಲ. ಕತ್ತಿ ಹಾಕಿದೆ. ಸ್ವಲ್ಪ ರಕ್ತ ಬಂತು. ಬರಲಿ. ಅನುಮತಿ ಇಪ್ಪತ್ತಾರು ನಿಮಿಷಕ್ಕೆ ಬಂತು, ಎರಡು ಷರತ್ತುಗಳ ಸಮೇತ.

ಕೆಳಗೆ ಗಂಗತ್ತೆ ಚಕ್ರ ತಿರುಗಿಸಿದ ಸದ್ದು ಕಲ್ಲಿನೊಳಗೆಲ್ಲ ಕೇಳಿಸಿತು. ಗಾಳಿ ಇಳಿಯಿತು. ಕೆಳಕೇರಿಯ ಗಾಳಿ ತಿಳಿಯಾಗಿ ಮೆಟ್ಟಿಲ ಬಾಗಿಲು ಬಿಟ್ಟುಕೊಳ್ಳುವ ಹೊತ್ತಿಗೆ ಇನ್ನೂ ಕಾಲು ಗಂಟೆ ಕಳೆದಿತ್ತು.

*

ಏಳು ಜನ ಸತ್ತರು. ನೆಲಕ್ಕೆ ಹತ್ತಿರ ಇದ್ದವರು, ಮಲಗಿದ್ದವರು, ಮಲಗಿದ್ದವರನ್ನು ಎತ್ತಲು ಬಗ್ಗಿದವರು. ಅಲಮೇಲು ಉಳಿದಳು. ಪಕ್ಕದ ಕೋಣೆಯ ಎರಡು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಡಬ್ಬದ ಮೇಲೆ ನಿಂತೇ ಇದ್ದಳು. ಹನ್ನೊಂದು ದಿನ ನನ್ನ ಜೊತೆ ಮಾತಾಡಲಿಲ್ಲ. ಹನ್ನೆರಡನೇ ದಿನ, "ಹೊಟ್ಟೆಗೆ ಏನಾದ್ರೂ ತಿನ್ನಿ, ಸೊರಗಿದೀರ" ಅಂದಳು. ಅದಕ್ಕಿಂತ ಜಾಸ್ತಿ ಕ್ಷಮೆ ನನಗೆ ಸಲ್ಲಬಾರದು.

ಸಂಸ್ಕಾರದ ದಿನವೇ ನಡುಕೇರಿಯವರು ತಮ್ಮ ಪಟ್ಟಿ ಕತ್ತರಿಸಿದರು. ಆಮೇಲೆ ಕೆಳಕೇರಿಯವರು. ಯಾರೂ ಸಭೆ ಕರೆದಿರಲಿಲ್ಲ, ಯಾರೂ ಯಾರನ್ನೂ ಕೇಳಲಿಲ್ಲ. ನಾನೂ ನನ್ನದನ್ನು ಕತ್ತರಿಸಿದೆ. ನಿಯೋಗದ ಕೆಲಸ ಅದರ ಜೊತೆಗೇ ಹೋಯಿತು. ಮೇಲಿನ ಎರಡು ಬಾಗಿಲು ಕೈಚಕ್ರ ಬಿಟ್ಟುಕೊಟ್ಟವು; ಕೆಳಕೇರಿಯದು ಬಿಡಲಿಲ್ಲ, ಅದರ ಬೀಗವನ್ನು ಎರಡು ದಿನ ಗರಗಸ ಹಾಕಿ ಕುಯ್ದೆವು. ಪೆಟ್ಟಿಗೆಗಳ ತಂತಿಯನ್ನು ಪಿಳ್ಳಪ್ಪ ಸ್ವತಃ ಕಿತ್ತ, ಬೇಕಾದ್ದಕ್ಕಿಂತ ಜೋರಾಗಿ.

ತಿಂಗಳಾದ ಮೇಲೆ ಲೋವಿಸಾ ಹೊಸ ಪಟ್ಟಿಗಳ ಡಬ್ಬ ಹಿಡಿದು ಬಂದರು. ದುಭಾಷಿ ಬೇರೆ ಯಾರೂ ಸಿಗದೆ ನನ್ನನ್ನೇ ಕರೆದರು. ವರದಿಯ ಒಂದು ಪ್ರತಿಯನ್ನೂ ತಂದಿದ್ದರು. ಜನರಿಗೆ ಓದಿ ಹೇಳಬೇಕಂತೆ. ಓದಿದೆ: "ಬಿಕ್ಕಟ್ಟಿನ ಸಂದರ್ಭದಲ್ಲಿ ಕೆಳಹಂತದ ಸಮುದಾಯವು ಅನುಕರಣೀಯವಾದ ಸ್ವಯಂ ನಿರ್ಣಯ ಸಾಮರ್ಥ್ಯವನ್ನು ಪ್ರದರ್ಶಿಸಿತು. ವಿಕೇಂದ್ರೀಕರಣದ ಮಾದರಿ ಯಶಸ್ವಿಯಾಗಿದೆ."

ಮೇಲ್ಕೇರಿಯ ಅಂಗಳದಲ್ಲಿ ಕೂತಿದ್ದ ಜನ ಕೇಳಿದರು. ಯಾರೋ ಉಗಿದರು.

"ಈ ವಾಕ್ಯಗಳು ನನ್ನವಲ್ಲ" ಅಂದರು ಲೋವಿಸಾ ತಗ್ಗಿದ ದನಿಯಲ್ಲಿ. ಮುಂಗೈಯ ಗಾಯದ ಗುರುತು ಮಾಸಿರಲಿಲ್ಲ. ವಾಕ್ಯ ಅವರದಲ್ಲದೆ ಇರಬಹುದು. ಸಹಿ ಅವರದಿತ್ತು. "ದಯವಿಟ್ಟು ಪಟ್ಟಿ ಧರಿಸಿ. ಈ ಸಲ ಗುಂಡಿ ಇರುತ್ತದೆ. ಗಂಗಮ್ಮನವರಿಗೆ ಒಂದು ಕೋಣೆಯನ್ನೂ ಮಂಜೂರು ಮಾಡಿಸಿದ್ದೇನೆ. ಅವರೂ ಪ್ರಜೆಯಾಗಬಹುದು."

"ಕೋಣೆ ಕೊಟ್ರೆ ನನ್ ಕೈ ಅದರ ಕಡೆ ವಾಲ್ತೈತೆ" ಅಂದಳು ಗಂಗತ್ತೆ. "ಬ್ಯಾಡ."

"ಆದರೆ ಪ್ರಜೆಗಳಿಲ್ಲದೆ ರಾಜ್ಯ ಹೇಗೆ ಉಳಿಯುತ್ತದೆ?" ಲೋವಿಸಾ ಕೈಯಲ್ಲಿದ್ದ ಪರದೆ ತಿರುಗಿಸಿ ತೋರಿಸಿದರು. ಹೊನ್ನಬಾವಿ ಸ್ವಾಯತ್ತ ರಾಜ್ಯ, ಒಟ್ಟು ಜನಸಂಖ್ಯೆ. ಅಂಕಿ ನೋಡಿ ಅವರೇ ಹುಬ್ಬು ಗಂಟಿಕ್ಕಿದರು. "ಏಳು? ಈ ಏಳು ಜನ ಯಾರು? ಅವರನ್ನು ಕರೆಯಿರಿ, ಅವರೊಂದಿಗೆ ಮಾತನಾಡುತ್ತೇನೆ."

ಕೋನಪ್ಪಜ್ಜನ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ಮಣ್ಣು ಮಾಡುವಾಗ ಆ ಏಳು ಮುಂಗೈಗಳಿಂದ ಪಟ್ಟಿ ಕತ್ತರಿಸಲು ಯಾರಿಗೂ ಕೈ ಬಂದಿರಲಿಲ್ಲ.

ಗಂಗತ್ತೆ ಎದ್ದಳು. ಸರದಿಯ ಹೊತ್ತಾಗಿತ್ತು, ಬಲಗಡೆಯ ಫ್ಯಾನಿಗೆ ಧೂಳು ಕೂತಿತ್ತು. ಹೋಗುವ ಮುಂಚೆ ಲೋವಿಸಾರ ಮುಂದೆ ನಿಂತು ನಿಧಾನಕ್ಕೆ ಹೇಳಿದಳು.

"ಊರಾಚೆ ಬೇವಿನ ಮರದ ಪಕ್ಕದಾಗೆ ಮಲಗವ್ರೆ ಕಣಮ್ಮ, ಏಳು ಜನಾನೂ. ನಿನ್ ರಾಜ್ಯ ಅಂದ್ರೆ ಅವ್ರೇಯ. ಹೋಗು, ಆಳ್ಕೋ."

ಲೋವಿಸಾ ನನ್ನ ಕಡೆ ನೋಡಿದರು. ನಾನು ಅನುವಾದಿಸಿದೆ, ಒಂದಕ್ಷರವನ್ನೂ ಮೆತ್ತಗೆ ಮಾಡದೆ.